ಹಸಿರುಮನೆ ಪರಿಣಾಮದ ಪ್ರಯೋಗ ಕಿಟ್: ಬಾಟಲಿಗಿಂತ ಮೀಟರ್ ವಾಸಿ

ಹವಾಮಾನ ಬದಲಾವಣೆ ಕಲಿಸಲೆಂದು ಮಾರುವ ಕಿಟ್‌ಗಳಲ್ಲಿ ಸಾಮಾನು ಹೆಚ್ಚುಕಮ್ಮಿ ಒಂದೇ: ಎರಡು ಗಾಜಿನ ಬಾಟಲಿ, ಎರಡು ಥರ್ಮಾಮೀಟರ್, ದೀಪ, ಅಡುಗೆ ಸೋಡಾ, ವಿನೆಗರ್, ಫ್ಲಾಸ್ಕ್, ಸಣ್ಣ ಕೊಳವೆ. ಕೆಲವದರಲ್ಲಿ ಕಾರ್ಬನ್ ಡೈಆಕ್ಸೈಡ್ ಮೀಟರ್ ಕೂಡ ಇರುತ್ತದೆ. ಮೀಟರ್ ಇಲ್ಲದ ಕಿಟ್ ಕೊಳ್ಳಬೇಡಿ.

ಕೈಪಿಡಿಯ ಪ್ರಕಾರ ಒಂದು ಬಾಟಲಿಯಲ್ಲಿ ಗಾಳಿ, ಇನ್ನೊಂದರಲ್ಲಿ ಕಾರ್ಬನ್ ಡೈಆಕ್ಸೈಡ್ ಇಟ್ಟು ದೀಪ ಹಚ್ಚಿದರೆ ಎರಡನೆಯದು ಹೆಚ್ಚು ಬಿಸಿಯಾಗಬೇಕು. ಆಗುತ್ತದೆ ಕೂಡ. ಆದರೆ ಕಾರಣ ಹಸಿರುಮನೆ ಪರಿಣಾಮ (ಅನಿಲ ಶಾಖಕಿರಣ ಹೀರಿ ಬೆಚ್ಚಗಿಡುವುದು) ಅಲ್ಲ, ಬೇರೆ. ತಂತಿ ದೀಪದ ಕಿರಣಗಳಲ್ಲಿ ಹೆಚ್ಚಿನವುಗಳ ತರಂಗಾಂತರ 1 ಮೈಕ್ರೋಮೀಟರ್ ಆಸುಪಾಸು. ಈ ಅನಿಲ ಬಲವಾಗಿ ಹೀರುವುದು 4.3 ಮತ್ತು 15 ಮೈಕ್ರೋಮೀಟರ್ ಹತ್ತಿರ. 15ರ ಕಿರಣ ಗಾಜನ್ನು ದಾಟುವುದೇ ಇಲ್ಲ. ಅನಿಲ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರ, ಶಾಖ ಸಾಗಿಸುವುದರಲ್ಲೂ ಮಂದ. ಹಾಗಾಗಿ ತಳದ ಬಿಸಿ ಅಲ್ಲೇ ಉಳಿಯುತ್ತದೆ. ಅನುಮಾನವಿದ್ದರೆ ಆರ್ಗಾನ್ ತುಂಬಿ ನೋಡಿ: ಅದು ಅವಕೆಂಪು (ಕಣ್ಣಿಗೆ ಕಾಣದ ಶಾಖದ) ಕಿರಣ ಹೀರುವುದಿಲ್ಲ, ಆದರೂ ಬಾಟಲಿ ಹೆಚ್ಚುಕಡಿಮೆ ಅಷ್ಟೇ ಬಿಸಿಯಾಗುತ್ತದೆ. 1859ರಲ್ಲಿ ವಿಜ್ಞಾನಿ ಜಾನ್ ಟಿಂಡಾಲ್ ಅನಿಲಗಳ ಹೀರುವಿಕೆ ಅಳೆಯುವಾಗ ಕೊಳವೆಯ ತುದಿಗಳಿಗೆ ಗಾಜು ಹಾಕದೆ, ಶಾಖಕಿರಣ ದಾಟಲೆಂದು ಕಲ್ಲುಪ್ಪಿನ ಬಿಲ್ಲೆ ಕೂರಿಸಿದ್ದರು. ಇಂದಿನ ಕಿಟ್‌ಗಳು ಆ ಎಚ್ಚರಿಕೆಯನ್ನೇ ಕೈಬಿಟ್ಟಿವೆ.

ಹಾಗಿದ್ದೂ ಬಾಟಲಿ ಪ್ರಯೋಗ ಮಾಡುವುದಾದರೆ, ಶಿಸ್ತಿನಿಂದ ಅಳೆಯುವುದನ್ನು ಕಲಿಸಲು ಮಾಡಿ. 5% ವಿನೆಗರ್ 100 ಮಿ.ಲೀ.ಗೆ 7 ಗ್ರಾಂ ಸೋಡಾ ಸಾಕು. ಸುಮಾರು 2 ಲೀಟರ್ ಅನಿಲ ಬರುತ್ತದೆ. ಕೈಪಿಡಿಯ "ನಾಲ್ಕು ಚಮಚ" ಬರೀ ದಂಡ. ಬಾಟಲಿಯೊಳಗೇ ಬೆರೆಸಬೇಡಿ, ಆ ಕ್ರಿಯೆ ಶಾಖ ಹೀರಿ ತಂಪಾಗುತ್ತದೆ. ಫ್ಲಾಸ್ಕ್‌ನಲ್ಲಿ ಬೆರೆಸಿ, ಕೊಳವೆಯಿಂದ ಬಾಟಲಿಯ ತಳಕ್ಕೆ ಬಿಡಿ. ಥರ್ಮಾಮೀಟರ್ ತುದಿಗೆ ನೆರಳು ಕಟ್ಟಿ, ಇಲ್ಲವಾದರೆ ಅದು ದೀಪದ ಬೆಳಕನ್ನೇ ಹೀರಿ ಸುಳ್ಳು ಹೇಳುತ್ತದೆ. ದೀಪದಿಂದ ಒಂದು ಬಾಟಲಿ 20 ಸೆಂ.ಮೀ., ಇನ್ನೊಂದು 19 ಸೆಂ.ಮೀ. ಇದ್ದರೆ ಬೆಳಕಿನಲ್ಲೇ ಸುಮಾರು 11% ವ್ಯತ್ಯಾಸ. ಫಲಿತಾಂಶ ಅಲ್ಲಿಗೇ ಕೆಟ್ಟಿತು. ಆಮೇಲೆ ಬಾಟಲಿಗಳ ಜಾಗ ಅದಲುಬದಲು ಮಾಡಿ ಮತ್ತೆ ಅಳೆಯಿರಿ.

ಕಿಟ್‌ನ ನಿಜವಾದ ಆಸ್ತಿ ಮೀಟರ್. ಅದರೊಳಗೆ ಪುಟ್ಟ ಅವಕೆಂಪು ದೀಪ, ಎದುರಿಗೆ 4.26 ಮೈಕ್ರೋಮೀಟರ್ ಕಿರಣವನ್ನಷ್ಟೇ ಬಿಡುವ ಸೋಸುಗ, ಅದರ ಹಿಂದೆ ಸಂವೇದಕ. ನಡುವೆ ಕಾರ್ಬನ್ ಡೈಆಕ್ಸೈಡ್ ಹೆಚ್ಚಿದಷ್ಟೂ ತಲುಪುವ ಕಿರಣ ಕಡಿಮೆ. ಭೂಮಿಯನ್ನು ಬೆಚ್ಚಗಿಡುವ ಗುಣ ಇದೇ, ಬೆರಳುದ್ದದ ಡಬ್ಬಿಯಲ್ಲಿ ಕೆಲಸ ಮಾಡುತ್ತಿದೆ! ಪಾಠ ಇಲ್ಲಿಂದಲೇ ಶುರುವಾಗಲಿ.

ಅಗ್ಗದ ಕಿಟ್‌ಗಳಲ್ಲಿ ಇದೇ ಹೆಸರಿನಲ್ಲಿ ಬರುವ ಕೆಲವು ಮೀಟರ್‌ಗಳು ಬೇರೆ ಆವಿಗಳನ್ನು ಅಳೆದು ಕಾರ್ಬನ್ ಡೈಆಕ್ಸೈಡ್ ಎಷ್ಟಿರಬಹುದೆಂದು ಊಹಿಸುತ್ತವೆ. ಸ್ಯಾನಿಟೈಸರ್ ಹಚ್ಚಿದ ಕೈಯನ್ನು ಹತ್ತಿರ ಹಿಡಿಯಿರಿ. ಅಂಕಿ ದಿಢೀರನೆ ಜಿಗಿದರೆ ವಾಪಸ್ ಕಳಿಸಿ. ನಿಜವಾದ ಮೀಟರ್‌ಗೂ ನೇರವಾಗಿ ಊದಬೇಡಿ: ಉಸಿರಿನಲ್ಲಿ ಕಾರ್ಬನ್ ಡೈಆಕ್ಸೈಡ್ ಸುಮಾರು 40,000 ಪಿಪಿಎಂ (ಹತ್ತು ಲಕ್ಷಕ್ಕೆ ಅಷ್ಟು ಭಾಗ) ಇರುತ್ತದೆ, ಕಿಟ್ ಮೀಟರ್‌ಗಳ ಮಿತಿ ಸಾಮಾನ್ಯವಾಗಿ 5,000. ಇನ್ನೊಂದು ತೊಡಕು ತಾನಾಗಿ ಸರಿಹೊಂದಿಸಿಕೊಳ್ಳುವ ವ್ಯವಸ್ಥೆ. ಕೆಲವು ದಿನಗಳಲ್ಲಿ ಕಂಡ ಅತಿ ಕಡಿಮೆ ಮಟ್ಟವನ್ನೇ ಅದು ಹೊರಗಾಳಿಯೆಂದು ನಂಬುತ್ತದೆ. ಸದಾ ಮುಚ್ಚಿದ ಕೋಣೆಯಲ್ಲಿಟ್ಟರೆ ಅಂಕಿ ನಿಜಕ್ಕಿಂತ ಕೆಳಗಿಳಿಯುತ್ತದೆ. ವಾರಕ್ಕೊಮ್ಮೆ ಬಯಲಿನ ಗಾಳಿ ತೋರಿಸಿ.

ವಾತಾವರಣದಲ್ಲಿ ಕಾರ್ಬನ್ ಡೈಆಕ್ಸೈಡ್ ಏರುತ್ತಿರುವುದನ್ನು ಮಾತ್ರ ಇದರಿಂದ ಹಿಡಿಯಲಾಗದು. ಕೈಗಾರಿಕಾ ಯುಗಕ್ಕೆ ಮುಂಚೆ 280 ಪಿಪಿಎಂ ಇದ್ದದ್ದು ಇಂದು 420 ದಾಟಿದೆ, ವರ್ಷಕ್ಕೆ 2ರಿಂದ 3 ಏರುತ್ತಿದೆ. ಇಂಥ ಮೀಟರ್‌ನ ತಪ್ಪಿನ ಅಂಚೇ 50ರ ಆಸುಪಾಸು. ಅದಕ್ಕೆ 1958ರಿಂದ ಹವಾಯಿಯ ಮೌನಾ ಲೋವಾ ಪರ್ವತದಲ್ಲಿ ನಡೆದುಬಂದಿರುವ ಅಳತೆಗಳನ್ನೇ ತೋರಿಸಬೇಕು.

ಬಿಸಿಯಾದ ನೀರು ಹಿಗ್ಗಿ ಮೇಲೇರುವುದನ್ನು ತೋರಿಸುವ ಸಮುದ್ರಮಟ್ಟದ ಪ್ರಯೋಗ ಚೊಕ್ಕವಾಗಿದೆ. 500 ಮಿ.ಲೀ. ಫ್ಲಾಸ್ಕ್‌ಗೆ ನೀರು ತುಂಬಿ 3 ಮಿ.ಮೀ. ಒಳವ್ಯಾಸದ ಕೊಳವೆ ಕೂರಿಸಿ 25 ಡಿಗ್ರಿಯಿಂದ 35ಕ್ಕೆ ಕಾಯಿಸಿದರೆ ನೀರು ಸುಮಾರು 20 ಸೆಂ.ಮೀ. ಮೇಲೇರುತ್ತದೆ. ನೀರನ್ನು ಮೊದಲೇ ಕುದಿಸಿ ಆರಿಸಿ. ಗಾಳಿಗುಳ್ಳೆ ಉಳಿದರೆ ಅಳತೆ ಹುಸಿಯಾಗುತ್ತದೆ. ಬಿರಡೆ ಸಡಿಲವಿದ್ದರೆ ನೀರು ಕೊಳವೆಗೆ ಏರದೆ ಅಂಚಿನಲ್ಲಿ ಜಿನುಗುತ್ತದೆ, ಬದಲಿಸಿಕೊಳ್ಳಿ.