ದಿವಾಳಿ ಕಂಪನಿಯಿಂದ ಬಂದ ನೋಟಿಸು ಮತ್ತು ಮಡಿಕೇರಿಯ ಒಂದು ಸಲಹಾ ಕಚೇರಿ: ಕಾಫಿ ವರ್ತಕನ ಅಭಿಪ್ರಾಯ

ಮಾಲು ಕೊಂಡ ಕಂಪನಿ ದಿವಾಳಿಯಾದರೆ ಬಾಕಿ ಮುಳುಗುತ್ತದೆ ಎಂಬುದು ಕೊಡಗಿನ ಕಾಫಿ ವರ್ತಕರಿಗೆಲ್ಲ ಗೊತ್ತು. ಆದರೆ ಅದು ಮೊದಲೇ ಪಾವತಿಸಿದ್ದ ಹಣವನ್ನೂ ವಾಪಸ್ ಕೇಳುವ ನೋಟಿಸು ಬರಬಹುದೆಂದು ಎಣಿಸಿದವರು ಕಡಿಮೆ. ಗೋಣಿಕೊಪ್ಪಲಿನ ನಮ್ಮ ಅಂಗಡಿಗೆ ಅಂಥ ನೋಟಿಸು ಬಂದಾಗ ನಾವು ಹೋದದ್ದು ಲೆಕ್ಕಪರಿಶೋಧಕರೊಬ್ಬರೂ ವಕೀಲರೊಬ್ಬರೂ ಸೇರಿ ಮಡಿಕೇರಿಯಲ್ಲಿ ನಡೆಸುವ ಸಣ್ಣ ಸಲಹಾ ಕಚೇರಿಗೆ. ಅವರ ಕೆಲಸ ಕೊಟ್ಟ ಶುಲ್ಕಕ್ಕೆ ತಕ್ಕುದಾಗಿತ್ತು ಎಂಬುದು ನನ್ನ ಒಟ್ಟು ಅಭಿಪ್ರಾಯ, ತಕರಾರುಗಳೂ ಇವೆ.

ನಾವು ಬೆಳೆಗಾರರಿಂದ ರೊಬಸ್ಟಾ ಚೆರಿ ಕೊಂಡು ಬೆಂಗಳೂರಿನ ರಫ್ತು ಕಂಪನಿಯೊಂದಕ್ಕೆ ಸಾಲದ ಮೇಲೆ ಕಳಿಸುತ್ತಿದ್ದೆವು. ಆ ಕಂಪನಿಯ ಮೇಲೆ ದಿವಾಳಿ ಪ್ರಕ್ರಿಯೆ ಆರಂಭವಾದ ಮೇಲೆ ಅದನ್ನು ನಡೆಸಲು ನೇಮಕಗೊಂಡ ಅಧಿಕಾರಿ, ಅಂದರೆ ರೆಸಲ್ಯೂಷನ್ ಪ್ರೊಫೆಷನಲ್, ಅದಕ್ಕೆ ಹಿಂದಿನ ಒಂದು ವರ್ಷದಲ್ಲಿ ನಮಗೆ ಸಂದ ಎಲ್ಲ ಪಾವತಿಗಳಿಗೂ, ಹಳೆಯ ಬಾಕಿಯ ಲೆಕ್ಕದಲ್ಲಿ ನಮ್ಮ ಹೆಸರಿಗೆ ವರ್ಗವಾಗಿದ್ದ ಒಂದು ಪಿಕ್‌ಅಪ್ ವಾಹನಕ್ಕೂ ವಿವರಣೆ ಕೇಳಿದ್ದರು. ನಮ್ಮಣ್ಣ ಮೊದಲು ಬರೆಯಹೊರಟ ಉತ್ತರ ಒಂದೇ ಸಾಲಿನದು: ನಾವು ಮೋಸ ಮಾಡಿಲ್ಲ, ನಮಗೆ ಬರಬೇಕಾದ ಹಣ ಬಂದಿದೆ.

ಆ ಉತ್ತರ ಏಕೆ ಸಾಲದು ಎಂಬುದನ್ನು ತಿಳಿಸಿದ್ದೇ ಈ ಕಚೇರಿಯ ಮೊದಲ ಉಪಕಾರ. 2016ರ ದಿವಾಳಿ ಸಂಹಿತೆಯ 43ನೇ ಸೆಕ್ಷನ್ನು ಆದ್ಯತೆಯ ಪಾವತಿಯನ್ನು ತಡೆಯುತ್ತದೆ. ಅಂದರೆ ಮುಳುಗುವ ಕಂಪನಿ ತನಗೆ ಸಾಲ ಕೊಟ್ಟ ಹಲವರ ಪೈಕಿ ಒಬ್ಬರಿಗೆ ಮಾತ್ರ ಹಳೆಯ ಸಾಲ ತೀರಿಸಿ, ಕಂಪನಿಯ ಹಣ ಯಾರಿಗೆ ಮೊದಲು, ಯಾರಿಗೆ ಆಮೇಲೆ ಎಂದು ಹೇಳುವ 53ನೇ ಸೆಕ್ಷನ್ನಿನ ಹಂಚಿಕೆಯ ಸರದಿಯಲ್ಲಿ ಅವರಿಗೆ ಸಿಗಬಹುದಾಗಿದ್ದಕ್ಕಿಂತ ಹೆಚ್ಚು ಕೊಟ್ಟಿದ್ದರೆ, ದಿವಾಳಿ ಪ್ರಕರಣ ನೋಡುವ ನ್ಯಾಯಮಂಡಳಿ ಅದನ್ನು ಹಿಂದಕ್ಕೆ ತರಿಸಬಹುದು. ನಮಗೆ ನೋಟಿಸು ಬಂದಾಗ ಜಾರಿಯಲ್ಲಿದ್ದ ನಿಯಮದಂತೆ ಪ್ರಕ್ರಿಯೆ ಆರಂಭವಾದ ದಿನದಿಂದ ಹಿಂದಕ್ಕೆ ಹೊರಗಿನವರಿಗೆ ಒಂದು ವರ್ಷ, ಕಂಪನಿಯ ಸಂಬಂಧಿಗಳಿಗೆ ಎರಡು ವರ್ಷ ಲೆಕ್ಕಕ್ಕೆ ಬರುತ್ತಿತ್ತು. ಇಲ್ಲಿ ಕೆಟ್ಟ ಉದ್ದೇಶವಿತ್ತೇ ಎಂಬ ಪ್ರಶ್ನೆಯೇ ಏಳುವುದಿಲ್ಲ. ಉದ್ದೇಶ ಮುಖ್ಯವಾಗುವುದು ಸಾಲ ಕೊಟ್ಟವರನ್ನು ವಂಚಿಸುವ ವ್ಯವಹಾರಗಳ ಕುರಿತ 49ನೇ ಸೆಕ್ಷನ್ನಿನಲ್ಲಿ. ಹೀಗಾಗಿ ನಮ್ಮಣ್ಣನ ಪ್ರಾಮಾಣಿಕತೆ ಎಷ್ಟೇ ಗಟ್ಟಿಯಾಗಿದ್ದರೂ ಈ ನೋಟಿಸಿಗೆ ಉತ್ತರವಾಗುತ್ತಿರಲಿಲ್ಲ.

ಉತ್ತರವಾಗುವುದು ವಾಡಿಕೆಯ ವ್ಯವಹಾರ ಎಂಬ ವಿನಾಯಿತಿ, ಅಂದರೆ ಎಂದಿನ ವ್ಯಾಪಾರದ ಕ್ರಮದಲ್ಲೇ ಬಂದ ಹಣವನ್ನು ಹೀಗೆ ವಾಪಸ್ ತರಿಸುವಂತಿಲ್ಲ ಎಂಬುದು. ಅದನ್ನು ಬಾಯಿಮಾತಿನಲ್ಲಿ ಹೇಳಿದರೆ ಸಾಲದು, ನಮ್ಮ ಕಡೆಯ ವಾಡಿಕೆಯನ್ನು ಮಾತ್ರ ತೋರಿಸಿದರೂ ಸಾಲದು. ಜೇಪೀ ಇನ್ಫ್ರಾಟೆಕ್ ಪ್ರಕರಣದಲ್ಲಿ 2020ರ ಫೆಬ್ರವರಿ 26ರಂದು ಸುಪ್ರೀಂ ಕೋರ್ಟ್, ಹಣ ಪಡೆದವರ ವಾಡಿಕೆಯ ಜೊತೆಗೆ ಸಾಲಗಾರ ಕಂಪನಿಯ ವಾಡಿಕೆಯೂ ಹೊಂದಬೇಕು ಎಂದು ಹೇಳಿದೆ. ಆದ್ದರಿಂದಲೇ ಇರಬೇಕು, ಆ ಲೆಕ್ಕಪರಿಶೋಧಕರು ನಮ್ಮ ವಾದವನ್ನು ಕೇಳುವ ಮೊದಲು ಖಾತೆ ಪುಸ್ತಕಗಳನ್ನು ಕೇಳಿದರು, ಅದೂ ನೋಟಿಸಿನಲ್ಲಿದ್ದ ವರ್ಷಕ್ಕಿಂತ ಹಿಂದಿನವನ್ನು. ಪ್ರತಿ ಬಿಲ್ಲಿನ ಪಕ್ಕದಲ್ಲಿ ಹಣ ಬಂದ ತಾರೀಖನ್ನು ಪೆನ್ಸಿಲಿನಲ್ಲಿ ಬರೆದು, ನಡುವಿನ ದಿನಗಳನ್ನು ಎಣಿಸಿ, ಕಂಪನಿ ಚೆನ್ನಾಗಿದ್ದಾಗಲೂ ನಮಗೆ ಹಣ ಬರುತ್ತಿದ್ದದ್ದು ಸುಮಾರು ಒಂದೂವರೆ ತಿಂಗಳಿಗೆ ಎಂಬುದನ್ನು ಪಟ್ಟಿ ಮಾಡಿ ತೋರಿಸಿದರು. ಕೊನೆಯ ವರ್ಷದ ಹೆಚ್ಚಿನ ಪಾವತಿಗಳು ಆ ಅಂತರದೊಳಗೇ ಇದ್ದವು. ಲಾರಿ ಗೋದಾಮಿನಲ್ಲಿ ಮಾಲು ಇಳಿಸಿದ ದಿನವೇ ಹಣ ಕೊಟ್ಟಿದ್ದ ಒಂದೆರಡು ಲೋಡುಗಳನ್ನು ಅವರು ಬೇರೆಯಾಗಿಯೇ ಇಟ್ಟರು, ಏಕೆಂದರೆ ಅಲ್ಲಿ ಹಳೆಯ ಸಾಲವೆಂಬುದೇ ಇಲ್ಲ. ಉಳಿದದ್ದು ಒಂದು: ತಿಂಗಳುಗಟ್ಟಲೆ ತಡವಾಗಿದ್ದ ಬಿಲ್ಲುಗಳಿಗೆಲ್ಲ ಸೇರಿಸಿ ಒಂದೇ ಬಾರಿ ಬಂದಿದ್ದ ದೊಡ್ಡ ಮೊತ್ತ. ಅದಕ್ಕಾಗಿ ನಾವು ಕಂಪನಿಯ ಬಾಗಿಲಲ್ಲಿ ಕೂತು ಒತ್ತಾಯ ಮಾಡಿದ್ದು ನಿಜ, ಮತ್ತು ಆ ಮೊತ್ತ ವಾಡಿಕೆಗೆ ಹೊಂದದು ಎಂಬುದನ್ನು ಅವರು ಮುಚ್ಚಿಡಲಿಲ್ಲ.

ಪಿಕ್‌ಅಪ್ ವಿಷಯದಲ್ಲಿ ಅವರ ಮಾತು ಇನ್ನೂ ನೇರವಾಗಿತ್ತು. "ಕಾಫಿ ಮಾರುವ ಕಂಪನಿ ಬಾಕಿಗೆ ಬದಲಾಗಿ ಗಾಡಿ ಕೊಡುವುದು ವಾಡಿಕೆ ಅಂತ ಯಾರೂ ಒಪ್ಪುವುದಿಲ್ಲ ಸರ್. ಅದನ್ನು ವಾಪಸ್ ಕೊಡುತ್ತೇವೆ ಅಂತಲೇ ಬರೆಯೋಣ," ಎಂದರು. ಮಾರುಕಟ್ಟೆ ದರಕ್ಕಿಂತ ಬಹಳ ಕಡಿಮೆ ಬೆಲೆ ಹಾಕಿ ವರ್ಗಾಯಿಸಿದ್ದರಿಂದ 45ನೇ ಸೆಕ್ಷನ್ನಿನ ಕೆಳಗೂ ಪ್ರಶ್ನೆ ಏಳಬಹುದಿತ್ತು. ಗೆಲ್ಲಲಾಗದ ಅಂಶವನ್ನು ಮೊದಲೇ ಬಿಟ್ಟುಕೊಟ್ಟದ್ದು ಉಳಿದ ಅಂಶಗಳಿಗೆ ಬಲ ತಂದಿತು ಎಂಬುದು ನನ್ನ ಊಹೆ. ಇನ್ನೊಂದು ಸೂಕ್ಷ್ಮವನ್ನೂ ಅವರೇ ಗಮನಿಸಿದರು: ಬಾಕಿಗಾಗಿ ನಾವು ಮೊದಲೇ ಸಲ್ಲಿಸಿದ್ದ ಫಾರ್ಮ್ ಬಿ ಅರ್ಜಿಯಲ್ಲಿ ವಾಹನದ ಬೆಲೆಯನ್ನು ಕಳೆದಿರಲಿಲ್ಲ. ಅದನ್ನು ಹಾಗೆಯೇ ಬಿಟ್ಟಿದ್ದರೆ ನಮ್ಮದೇ ಎರಡು ಕಾಗದಗಳು ಒಂದಕ್ಕೊಂದು ವಿರುದ್ಧ ಸಾಕ್ಷಿ ಹೇಳುತ್ತಿದ್ದವು.

ರೆಸಲ್ಯೂಷನ್ ಪ್ರೊಫೆಷನಲ್ ಬೆಂಗಳೂರಿನ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಗೆ ಸಲ್ಲಿಸಿದ ಅರ್ಜಿಯಲ್ಲಿ ನಮ್ಮ ವಾಡಿಕೆಯ ಪಾವತಿಗಳು ಇರಲಿಲ್ಲ. ಆ ದೊಡ್ಡ ಮೊತ್ತ ಮತ್ತು ವಾಹನ ಮಾತ್ರ ಇದ್ದವು. ಅರ್ಜಿ ಇನ್ನೂ ತೀರ್ಮಾನವಾಗಿಲ್ಲ. ಹಣ ಹಿಂತಿರುಗಿಸಬೇಕಾಗಿ ಬಂದರೆ ಅಷ್ಟಕ್ಕೆ ಮತ್ತೆ ಸಾಲ ಕೊಟ್ಟವರಾಗಿ ಹಕ್ಕು ಕೇಳಲು 44ನೇ ಸೆಕ್ಷನ್ನಿನಲ್ಲಿ ದಾರಿ ಇದೆಯೆಂದು ವಕೀಲರು ಹೇಳಿದ್ದಾರೆ. ಆದರೆ ಹಂಚಿಕೆಯ ಸರದಿಯಲ್ಲಿ ನಮ್ಮಂಥ ಪೂರೈಕೆದಾರರ ಜಾಗ ಬ್ಯಾಂಕುಗಳಿಗೂ ಸರ್ಕಾರದ ಬಾಕಿಗೂ ಕೆಳಗೆ ಇರುವುದರಿಂದ ಅದರ ಮೇಲೆ ನಾನು ಭರವಸೆ ಇಟ್ಟಿಲ್ಲ.

ತಕರಾರುಗಳು ಹೀಗಿವೆ. ನ್ಯಾಯಮಂಡಳಿಯ ಹಂತಕ್ಕೆ ಹೋದರೆ ಬೆಂಗಳೂರಿನ ಬೇರೆ ವಕೀಲರನ್ನು ಹಿಡಿಯಬೇಕು, ಅದರ ಶುಲ್ಕ ಪ್ರತ್ಯೇಕ ಎಂಬುದನ್ನು ಅವರು ಒಪ್ಪಂದದ ಪತ್ರದಲ್ಲಿ ಬರೆದಿರಲಿಲ್ಲ; ಅರ್ಜಿ ಸಲ್ಲಿಕೆಯಾದ ಮೇಲೆ ಹೇಳಿದರು. ಮೊದಲೇ ತಿಳಿದಿದ್ದರೂ ನಾವು ಬಹುಶಃ ಇವರ ಬಳಿಗೇ ಹೋಗುತ್ತಿದ್ದೆವು, ಆದರೂ ಬರೆಯಬೇಕಿತ್ತು. ಎರಡನೆಯದು, ನಮ್ಮ ಉತ್ತರ, ಪಟ್ಟಿ, ಕಾನೂನು ಅಭಿಪ್ರಾಯ ಎಲ್ಲವೂ ಇಂಗ್ಲಿಷಿನಲ್ಲಿದ್ದವು. ಅಂಗಡಿಯ ಲೆಕ್ಕವನ್ನೆಲ್ಲ ಕನ್ನಡದಲ್ಲಿ ಬರೆಯುವ ಅಣ್ಣ ತನ್ನ ಹೆಸರಿನಲ್ಲಿ ಹೋದ ಪತ್ರಕ್ಕೆ ಸಹಿ ಹಾಕಿದ್ದು ಬಾಯಿಮಾತಿನ ವಿವರಣೆಯ ಮೇಲೆ. ಒಂದು ಪುಟದ ಕನ್ನಡ ಟಿಪ್ಪಣಿ ಕೊಡುವುದು ಈ ಕಚೇರಿಗೆ ಕಷ್ಟವಲ್ಲ.

ಸಾಲದ ಮೇಲೆ ಹೊರಗಿನ ಕಂಪನಿಗಳಿಗೆ ಮಾಲು ಕಳಿಸುವ ವಿರಾಜಪೇಟೆ, ಸೋಮವಾರಪೇಟೆ, ಕುಶಾಲನಗರದ ವರ್ತಕರಿಗೆ ಈ ಕಚೇರಿಯನ್ನು ಸೂಚಿಸುತ್ತೇನೆ. ಹೋಗುವಾಗ ಕೊನೆಯ ವರ್ಷದ್ದಷ್ಟೇ ಅಲ್ಲ, ಅದಕ್ಕೂ ಹಿಂದಿನ ಖಾತೆ ಪುಸ್ತಕಗಳನ್ನೂ ಬ್ಯಾಂಕ್ ಪಾಸ್‌ಬುಕ್ಕನ್ನೂ ತೆಗೆದುಕೊಂಡು ಹೋಗಿ; ಅವಿಲ್ಲದೆ ಹೋದರೆ ಮೊದಲ ಭೇಟಿಯಲ್ಲಿ ಅವರು ಏನನ್ನೂ ಹೇಳುವುದಿಲ್ಲ.