ಹೈಡ್ರೊಜೆಲ್: ಬೇಸಿಗೆಯಲ್ಲಿ ಮೆಚ್ಚಿದೆ, ಮಳೆಗಾಲದಲ್ಲಿ ಬೈದೆ

ಮಾವನವರಿಗೆ ಸಕ್ಕರೆ ಕಾಯಿಲೆ. ಅವರ ಅಂಗಾಲಿನ ಗಾಯಕ್ಕೆ ಬೇಸಿಗೆಯಿಂದ ಮಳೆಗಾಲ ಮುಗಿಯುವವರೆಗೂ ಡ್ರೆಸ್ಸಿಂಗ್ ಮಾಡಿದವಳು ನಾನು. ಬಳಸಿದ್ದು ಹೈಡ್ರೊಜೆಲ್, ಅಂದರೆ ಗಾಯಕ್ಕೆ ತೇವ ಕೊಡಲು ಹಚ್ಚುವ, ಟ್ಯೂಬಿನಲ್ಲಿ ಬರುವ ಜೆಲ್.

ನೋವಿಲ್ಲದೆ ಬಿಚ್ಚಬಹುದು ಎಂದು ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿದೆ. ಮಾವನವರಿಗೆ ನೋವೇ ತಿಳಿಯುವುದಿಲ್ಲ. ಪಾದದ ನರಗಳು ಸೋತಿರುವುದರಿಂದಲೇ ಗಂಬೂಟಿನೊಳಗೆ ಹರಳು ಸೇರಿದ್ದು ಗೊತ್ತಾಗದೆ ದಿನವಿಡೀ ಕಾಫಿ ತೋಟ ಸುತ್ತಿದ್ದರು. ನನಗೆ ಖುಷಿಯಾದದ್ದು ಬೇರೆ ಕಾರಣಕ್ಕೆ. ಒಣ ಗಾಜ್ ಬಟ್ಟೆ ಕಿತ್ತಾಗಲೆಲ್ಲ ಹೊಸದಾಗಿ ಬಂದ ಕೆಂಪು ಮಾಂಸವೂ ಕಿತ್ತು ರಕ್ತ ಜಿನುಗುತ್ತಿತ್ತು. ಜೆಲ್ ಹಾಕಿದ ಮೇಲೆ ಬಟ್ಟೆ ತಾನಾಗಿ ಜಾರಿ ಬಂತು.

ಬೆಳಗಿನ ಕಾಫಿ ಮುಗಿಯುತ್ತಲೇ ಜಗಲಿಯಲ್ಲಿ ಕಾಲು ಚಾಚಿಸಿ, ಸಲೈನ್‌ನಿಂದ ತೊಳೆದು, ಸುತ್ತಲಿನ ಚರ್ಮವನ್ನು ಮೆಲ್ಲಗೆ ಒತ್ತಿ ಒಣಗಿಸುತ್ತಿದ್ದೆ. ಜೆಲ್ ಗಾಯದ ಗುಂಡಿಯೊಳಗೆ ಮಾತ್ರ. ಅಂಚು ದಾಟಿದರೆ ಚರ್ಮ ನೆನೆದು ಬೆಳ್ಳಗಾಗುತ್ತದೆ. ಮೇಲೆ ಗಾಜ್, ಬ್ಯಾಂಡೇಜು. ಜೆಲ್ಲಿನಲ್ಲಿ ಬಹುಪಾಲು ನೀರೇ. ಅದು ಸತ್ತ ಹಳದಿ ಪದರವನ್ನು ಮೆತ್ತಗೆ ಮಾಡಿ ಬಿಡಿಸುತ್ತದೆ. ಆ ಲೋಳೆಯನ್ನು ಕಂಡ ಚಿಕ್ಕತ್ತೆ, "ಕೀವಾಗಿದೆ, ಅರಿಶಿನ ಹಾಕಮ್ಮ" ಎಂದು ಗಾಬರಿಯಾದರು. ಕೆಟ್ಟ ವಾಸನೆ, ಊತ, ಬಿಸಿ, ಹರಡುವ ಕೆಂಪು ಕಂಡರೆ ತಕ್ಷಣ ಬನ್ನಿ ಎಂದು ನರ್ಸ್ ಮೊದಲೇ ಹೇಳಿದ್ದರಿಂದ ನಾನು ಹೆದರಲಿಲ್ಲ.

ಜೂನ್ ಬಂತು. ಮೂಡಿಗೆರೆಯ ಮಳೆಯನ್ನು ಬಲ್ಲವರಿಗೆ ವಿವರಿಸಬೇಕಿಲ್ಲ. ಒಲೆಯ ಮೇಲೆ ಕಟ್ಟಿದ ಬಟ್ಟೆಯೂ ಒಣಗುವುದಿಲ್ಲ. ಪ್ಲಾಸ್ಟರ್ ಅಂಟಲಿಲ್ಲ, ಬ್ಯಾಂಡೇಜು ಹಿಮ್ಮಡಿಗೆ ಇಳಿಯಿತು. ಅಷ್ಟರಲ್ಲಿ ಗಾಯದಿಂದಲೂ ನೀರು ಹೆಚ್ಚಾಗಿ ಬರತೊಡಗಿತು. ವೈದ್ಯರು ಜೆಲ್ ನಿಲ್ಲಿಸಿ, ದ್ರವ ಹೀರುವ ಫೋಮ್ ಹಾಕಿಸಿದರು. ಹೈಡ್ರೊಜೆಲ್ ಒಣಗಿದ ಗಾಯಕ್ಕೆ ತೇವ ಕೊಡುವ ವಸ್ತು, ಸುರಿಯುವ ಗಾಯಕ್ಕಲ್ಲ. ಈ ಮಾತು ಒಳಗಿನ ಚೀಟಿಯಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿದೆ! ದಪ್ಪಕ್ಷರ ಬೇಕಿದ್ದದ್ದು ಇದಕ್ಕೆ. ನೀರು ಕಡಿಮೆಯಾದ ಮೇಲೆ ಮತ್ತೆ ಜೆಲ್ಲಿಗೆ ಮರಳಿದೆವು.

ಖರ್ಚಿನ ಮಾತು: ಟ್ಯೂಬಿನ ಬೆಲೆಯೊಂದನ್ನೇ ನೋಡಿ ಲೆಕ್ಕ ಹಾಕಬೇಡಿ. ಸಲೈನ್, ಗಾಜ್, ಬ್ಯಾಂಡೇಜು ಎಲ್ಲ ಬೇರೆ. ನಮ್ಮೂರ ಅಂಗಡಿಯಲ್ಲಿ ಜೆಲ್ ಸಿಗದೆ ಚಿಕ್ಕಮಗಳೂರಿನಿಂದ ತರಿಸಿದೆವು.

ಗಾಯ ಮುಚ್ಚಿದೆ. ಅದರ ಶ್ರೇಯಸ್ಸನ್ನೆಲ್ಲ ಜೆಲ್ಲಿಗೇ ಕೊಡಲಾರೆ. ಗಾಯದ ಮೇಲೆ ಭಾರ ಬೀಳದಂತೆ ಮಾಡಿಸಿದ ಚಪ್ಪಲಿಗೂ ಹತೋಟಿಗೆ ಬಂದ ಶುಗರಿಗೂ ದೊಡ್ಡ ಪಾಲಿದೆ. ಜೆಲ್ಲಿಗೆ ಐದಕ್ಕೆ ಮೂರೂವರೆ ಅಂಕ. ಬ್ಯಾಂಡೇಜು ಕಟ್ಟಿಕೊಂಡೇ ತೋಟಕ್ಕೆ ಹೊರಡುತ್ತಿದ್ದ ಮಾವನವರಿಗೆ ಅಂಕ ಕೊಡುವ ಧೈರ್ಯ ಸೊಸೆಗಿಲ್ಲ.