ಔಷಧಿ ಒಳ್ಳೆಯದೇ, ಆ ಮುಚ್ಚಳದ ಕಾಟ ಬೇಡ

ಹೊಟ್ಟೆ ಹುಣ್ಣಿಗೆ ಡಾಕ್ಟರ್ ಬರೆದುಕೊಟ್ಟ ಸುಕ್ರಾಲ್ಫೇಟ್ ಸಿರಪ್ ಕುಡಿಯುತ್ತಾ ಎರಡನೇ ತಿಂಗಳು ನಡೆಯುತ್ತಿದೆ. ಉರಿ ಬಹುಪಾಲು ಇಳಿದಿದೆ, ರಾತ್ರಿ ನಿದ್ದೆ ಬರುತ್ತಿದೆ. ಔಷಧಿಯ ಮೇಲೆ ನನ್ನ ತಕರಾರಿಲ್ಲ. ತಕರಾರೆಲ್ಲ ಅದರ ಅಳತೆ ಮುಚ್ಚಳದ ಮೇಲೆ.

ಕಂಪನಿ ಹೆಸರು ಬೇಡ ಬಿಡಿ. ಪಾರದರ್ಶಕ ಪ್ಲಾಸ್ಟಿಕ್ ಮುಚ್ಚಳ, ಅದರಲ್ಲೇ ಉಬ್ಬಿಸಿದ ಗೆರೆ, ಬಣ್ಣವಿಲ್ಲ. 5 ಎಲ್ಲಿ, 10 ಎಲ್ಲಿ ಎಂದು ಟ್ಯೂಬ್‌ಲೈಟ್ ಕೆಳಗೆ ಹಿಡಿದು ಹುಡುಕಬೇಕು. ಸಿರಪ್ ಮಂದ, ಗುಲಾಬಿ ಬಣ್ಣ. ಸುರಿದರೆ ಒಳಗೋಡೆಗೆ ಮೆತ್ತಿಕೊಂಡು ಆ ಗೆರೆಯನ್ನೂ ಮುಚ್ಚಿಬಿಡುತ್ತದೆ. ಕುಡಿದ ಮೇಲೂ ತಳದಲ್ಲಿ ಒಂದಿಷ್ಟು ಉಳಿಯುತ್ತದೆ. ನನಗೆ ದಿನಕ್ಕೆ ಮೂರು ಸಲ 10 ಎಂಎಲ್. 200 ಎಂಎಲ್ ಬಾಟಲಿ ಒಂದು ವಾರಕ್ಕೂ ಸಾಲದು. ಸುಮ್ನೆ ಮುಚ್ಚಳಕ್ಕೆ ಕುಡಿಸೋಕೆ ದುಡ್ಡೇನು ಮರದಲ್ಲಿ ಬಿಡುತ್ತಾ? ಅಡುಗೆಮನೆ ಚಮಚವೂ ಆಗದು, ನಮ್ಮನೆಯಲ್ಲಿ ಒಂದೊಂದು ಒಂದೊಂದು ಗಾತ್ರ. ಕೊನೆಗೆ ಸೂಜಿ ಇಲ್ಲದ 10 ಎಂಎಲ್ ಸಿರಿಂಜ್ ತಂದೆ. ಕಪ್ಪು ಗೆರೆ, ಕಪ್ಪು ಅಂಕಿ. ಎಳೆದು, ಬಾಯಿಗೆ ನಿಧಾನವಾಗಿ ಬಿಟ್ಟುಕೊಂಡು, ತೊಳೆದು ಒಣಗಲು ಇಟ್ಟರೆ ಮುಗೀತು.

ಅದಕ್ಕೂ ಮೊದಲು ಬಾಟಲಿ ಕುಲುಕಬೇಕು. ನಾನು ಪ್ರತಿ ಸಲ ತಲೆಕೆಳಗು ಮಾಡಿ ತಳ ನೋಡುತ್ತೇನೆ. ಅಲ್ಲಿ ಗಸಿ ಕೂತಿದ್ದರೆ ಇನ್ನಷ್ಟು ಕುಲುಕು. ಸರಿಯಾಗಿ ಕುಲುಕದಿದ್ದರೆ ಮೊದಲು ಮೇಲಿನ ಬರೀ ನೀರು ಕುಡಿದು, ತಳಕ್ಕೆ ಬಂದಾಗ ಔಷಧಿಯೆಲ್ಲ ಒಟ್ಟಿಗೆ ಹೋಗುತ್ತದೆ.

ಇದು ಹೊಟ್ಟೆಯ ಆಮ್ಲದಲ್ಲಿ ಅಂಟಾಗಿ ಹುಣ್ಣಿನ ಮೇಲೆ ಕೂರುವ ಔಷಧಿ. ಹಾಗಾಗಿ ಖಾಲಿ ಹೊಟ್ಟೆ, ಊಟಕ್ಕೆ ಒಂದು ಗಂಟೆ ಮೊದಲು. ಬೇರೆ ಮಾತ್ರೆಗಳನ್ನೂ ಹಿಡಿದಿಟ್ಟುಕೊಳ್ಳುತ್ತದೆ. ನನಗೆ ಬೆಳಿಗ್ಗೆ 6ಕ್ಕೆ ಥೈರಾಯ್ಡ್ ಮಾತ್ರೆ ಇದೆ, ಎರಡಕ್ಕೂ ಕನಿಷ್ಠ 4 ಗಂಟೆ ಅಂತರ ಬೇಕು. ಡಾಕ್ಟರ್ ಮೊದಲ ಡೋಸನ್ನು ಮಧ್ಯಾಹ್ನದ ಊಟದ ಮುಂಚೆಗೆ ಹಾಕಿದರು, ಇನ್ನೆರಡು ರಾತ್ರಿ ಊಟದ ಮುಂಚೆ ಮತ್ತು ಮಲಗುವಾಗ. ಬೆಳಗಿನ ಫಿಲ್ಟರ್ ಕಾಫಿ ಬಿಡಿಸಿದ್ದು ಮಾತ್ರ ಹೊಟ್ಟೆ ಉರಿಸಿತು. ಆಮ್ಲ ತಗ್ಗಿಸುವ ಆಂಟಾಸಿಡ್ ಬೇಕಾದರೆ ಅರ್ಧ ಗಂಟೆ ಆಚೀಚೆ. ಮಲಬದ್ಧತೆ ಜಾಸ್ತಿ ಆಯ್ತು, ನೀರು ಮತ್ತು ಪಪ್ಪಾಯದಲ್ಲಿ ಸಂಭಾಳಿಸುತ್ತಿದ್ದೇನೆ. ಮಲ ಟಾರಿನಂತೆ ಕಪ್ಪಾದರೆ ಅಥವಾ ವಾಂತಿಯಲ್ಲಿ ರಕ್ತ ಬಂದರೆ ಕಾಯದೆ ಆಸ್ಪತ್ರೆಗೆ ಬನ್ನಿ ಎಂದಿದ್ದಾರೆ.

ಒಮ್ಮೆ ಮೆಡಿಕಲ್ ಶಾಪಿನಲ್ಲಿ "ಎರಡೂ ಒಂದೇ ಮೇಡಂ" ಎಂದು ಆಕ್ಸೆಟಕೇನ್ ಸೇರಿದ ಬಾಟಲಿ ಕೊಟ್ಟರು. ಕುಡಿದ ಕೂಡಲೇ ನಾಲಿಗೆ ಜೋಮು. ಅದು ಮರಗಟ್ಟಿಸುವ ಔಷಧಿ, ನನ್ನ ಚೀಟಿಯಲ್ಲಿ ಇರಲೇ ಇಲ್ಲ. ಈಗ ಲೇಬಲ್ ಓದದೆ ದುಡ್ಡು ಕೊಡುವುದಿಲ್ಲ.

ಮೊನ್ನೆ ಅತ್ತೆ, "ನಂಗೂ ಹೊಟ್ಟೆ ಉರಿ ಕಣಮ್ಮ, ಒಂದು ಮುಚ್ಚಳ ಕೊಡು" ಅಂದರು. ಅವರಿಗೆ ಕಿಡ್ನಿ ತೊಂದರೆ. ಇದರಲ್ಲಿ ಅಲ್ಯೂಮಿನಿಯಂ ಇದೆ, ಕಿಡ್ನಿ ಸರಿ ಇಲ್ಲದವರ ದೇಹದಲ್ಲಿ ಅದು ಸೇರುತ್ತಾ ಹೋಗಬಹುದು. ಕೊಡಲಿಲ್ಲ. ಸಂಜೆವರೆಗೂ ಮುಖ ಊದಿಸಿಕೊಂಡಿದ್ದರು. ಆಮೇಲೆ ಅವರ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ, ಬೇರೆ ಮಾತ್ರೆ ಬರೆದುಕೊಟ್ಟರು.